ಎಂಟು ಎದುರು ಎಂಟು: ಒಂದು ಬಾಂಬರ್ ಕೂಡ ಮರಳದ ಪಂದ್ಯವನ್ನು ಗೆಲುವು ಎನ್ನಬಹುದೇ?

ಬಾಲಗನ್ನರ್:
ಕಳೆದ ತಿಂಗಳ ತಂಡಪಂದ್ಯದ ಟ್ಯಾಕ್‌ವ್ಯೂ ದಾಖಲೆಯನ್ನು (ಹಾರಾಟವನ್ನು ಮರಳಿ ತೋರಿಸುವ ತಂತ್ರಾಂಶದ್ದು) ಮೊದಲಿನಿಂದ ಕೊನೆಯವರೆಗೆ ನೋಡಿದೆ. ನೋಡಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ. ಬಾರದಿದ್ದವರಿಗಾಗಿ ಮೊದಲು ಹಿನ್ನೆಲೆ ಹೇಳುತ್ತೇನೆ. ಐಎಲ್-2 ಗ್ರೇಟ್ ಬ್ಯಾಟಲ್ಸ್ ಎಂಬ ಯುದ್ಧವಿಮಾನಗಳ ಕಂಪ್ಯೂಟರ್ ಆಟ, ರಷ್ಯಾದ ಕುಬಾನ್ ನಕ್ಷೆ, 1943ರ ವಸಂತ. ಕೆಂಪು ತಂಡಕ್ಕೆ ನಾಲ್ಕು ಎ-20ಬಿ ಬಾಂಬರ್, ಅವುಗಳ ಬೆಂಗಾವಲಿಗೆ ನಾಲ್ಕು ಪಿ-39 ಫೈಟರ್. ನೀಲಿ ತಂಡಕ್ಕೆ ಎಂಟು ಜರ್ಮನ್ ಫೈಟರ್, ಬಿಎಫ್-109. ಕೆಂಪಿನವರು ಕ್ರಿಮ್ಸ್ಕಾಯಾ ರೈಲ್ವೆ ಜಂಕ್ಷನ್ ಮೇಲೆ ಬಾಂಬ್ ಹಾಕಬೇಕು, ನೀಲಿಯವರು ತಡೆಯಬೇಕು.

ಆದದ್ದು ಇಷ್ಟು. ಹೊರಟ ಸ್ವಲ್ಪ ಹೊತ್ತಿಗೆ ಒಂದು ಒಂಟಿ 109 ನಮ್ಮ ಎಡಗಡೆ ಕೆಳಗೆ ಕಾಣಿಸಿಕೊಂಡಿತು. ಬೆಂಗಾವಲಿನ ಮೊದಲ ಜೋಡಿ ಅದರ ಬೆನ್ನು ಹತ್ತಿ ಇಳಿಯಿತು. ಅದರ ನೆರವಿಗೆಂದು ಎರಡನೆಯ ಜೋಡಿಯೂ ಇಳಿಯಿತು. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಹೋಗುವ ಬಾಂಬರ್ ನಿಮಿಷಕ್ಕೆ 5 ಕಿಲೋಮೀಟರ್ ಸಾಗುತ್ತದೆ. ಬೆಂಗಾವಲು ನಾಲ್ಕು ನಿಮಿಷ ಕೆಳಗೆ ಕಾದಾಡುವಷ್ಟರಲ್ಲಿ ನಾವು 20 ಕಿಲೋಮೀಟರ್ ಮುಂದೆ, ಒಬ್ಬರ ರಕ್ಷಣೆಯೂ ಇಲ್ಲದೆ. ಸೂರ್ಯನ ಕಡೆಯಿಂದ ಮೂರು 109 ಬಂದವು. ನಾಲ್ಕೂ ಬಾಂಬರ್ ಹೋದವು. ಜಂಕ್ಷನ್ ಮೇಲೆ ಒಂದು ಬಾಂಬೂ ಬೀಳಲಿಲ್ಲ.

ನಮ್ಮ ಫೈಟರ್‌ಗಳು ಮಾತ್ರ ಕೆಳಗೆ ಚೆನ್ನಾಗಿಯೇ ಕಾದಾಡಿ ಐದು 109 ಉರುಳಿಸಿದ್ದವು. ಐದಕ್ಕೆ ನಾಲ್ಕು. ಅಂಕಪಟ್ಟಿ ನಮ್ಮನ್ನು ಗೆದ್ದವರೆಂದು ಘೋಷಿಸಿತು. ನಾನು ಗೆದ್ದ ತಂಡದವನೇ, ಆ ನಾಲ್ಕು ಬಾಂಬರ್‌ಗಳಲ್ಲಿ ಒಂದು ನನ್ನದು. ಆದರೂ ಹೇಳುತ್ತೇನೆ: ಆ ದಿನ ಗೆದ್ದವರು ನೀಲಿಯವರು. ಕೊಟ್ಟ ಕೆಲಸ ಮಾಡಿದವರು ಅವರೇ. ಮುಂದಿನ ಪಂದ್ಯಕ್ಕೆ ಮೊದಲು ಅಂಕ ಕೊಡುವ ಪದ್ಧತಿಯನ್ನೇ ಬದಲಿಸಬೇಕು.

ನೀಲಿಗಿಡುಗ:
ನಿಮ್ಮ ನೋವು ಅರ್ಥವಾಗುತ್ತದೆ ಸರ್, ಆದರೆ ತೀರ್ಮಾನವನ್ನು ಒಪ್ಪುವುದಿಲ್ಲ. ಬೆಂಗಾವಲು ಬಾಂಬರ್‌ಗೆ ಅಂಟಿಕೊಂಡು ಹಾರಬೇಕು ಎನ್ನುವವರು ಇತಿಹಾಸವನ್ನು ಒಮ್ಮೆ ತಿರುವಿ ನೋಡಲಿ. 1940ರ ಬ್ರಿಟನ್ ವಾಯುಸಮರದಲ್ಲಿ ಬಾಂಬರ್‌ಗಳ ನಷ್ಟ ಹೆಚ್ಚಾದಾಗ ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ತನ್ನ 109ಗಳನ್ನು ಅವುಗಳ ಪಕ್ಕದಲ್ಲೇ ಹಾರುವಂತೆ ಬಿಗಿ ಮಾಡಿದ. ಎತ್ತರ, ವೇಗ, ಮೊದಲ ಏಟು ಕೊಡುವ ಅವಕಾಶ ಮೂರನ್ನೂ ಆ ಫೈಟರ್‌ಗಳು ಒಟ್ಟಿಗೆ ಕಳೆದುಕೊಂಡವು. ಅಮೆರಿಕದವರು ಇದಕ್ಕೆ ಉಲ್ಟಾ ಮಾಡಿದರು. 1944ರ ಜನವರಿಯಲ್ಲಿ ಎಂಟನೆಯ ವಾಯುಪಡೆಯ ಹೊಣೆ ಹೊತ್ತ ಜಿಮ್ಮಿ ಡೂಲಿಟಲ್, ಬಾಂಬರ್ ಕಾಯುತ್ತ ಕೂರಬೇಡಿ, ಜರ್ಮನ್ ಫೈಟರ್‌ಗಳನ್ನು ಹುಡುಕಿ ಹೊಡೆಯಿರಿ ಎಂದು ಫೈಟರ್‌ಗಳ ಕಟ್ಟು ಬಿಚ್ಚಿದರು. ಕೆಲವೇ ತಿಂಗಳಲ್ಲಿ ಜರ್ಮನಿಯ ಆಕಾಶದ ಮೇಲಿನ ಹಿಡಿತ ಸಡಿಲವಾಯಿತು.

ಹೊಡೆದುರುಳಿಸಿದ ಪ್ರತಿಯೊಂದು ವಿಮಾನವೂ ಬಾಂಬರ್‌ನ ದಾರಿಯ ಒಂದು ಮುಳ್ಳು ಕಡಿಮೆ ಮಾಡಿದಂತೆ. ಅದಕ್ಕೆ ಅಂಕ ಕಡಿಮೆ ಮಾಡಿದರೆ ಫೈಟರ್ ಹಾರಿಸುವವರು ಪಂದ್ಯಕ್ಕೇ ಬರುವುದಿಲ್ಲ. ಬಂದವರೂ ಧೈರ್ಯ ಮಾಡುವುದಿಲ್ಲ.

ಎರಡನೆಯವನು:
ನಾನು ಯಾವಾಗಲೂ ವಿಂಗ್‌ಮ್ಯಾನ್, ಎಂದರೆ ಜೋಡಿಯಲ್ಲಿ ಎರಡನೆಯ ವಿಮಾನದವನು. ಲೀಡ್‌ನ, ಎಂದರೆ ಜೋಡಿಯ ಮುಂದಾಳಿನ, ಬೆನ್ನಿಗೆ ಬಂದವರನ್ನು ಓಡಿಸುವುದೇ ನನ್ನ ಕೆಲಸ. ಓಡಿಹೋದವನು ಅಂಕಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಒಳ್ಳೆಯ ವಿಂಗ್‌ಮ್ಯಾನ್‌ನ ಹೆಸರಿನ ಮುಂದೆ ಸೊನ್ನೆ ಇರುವುದು ಸಹಜ. ಆದರೆ ತಂಡ ಕಟ್ಟುವಾಗ ಎಲ್ಲರೂ ನೋಡುವುದು ಆ ಸೊನ್ನೆಯನ್ನೇ. ಇದು ಸರಿಯಲ್ಲ.

ಮುಗಿಲಂಚು:
ನೀಲಿಗಿಡುಗ ಅವರೇ, ಡೂಲಿಟಲ್ ಮಾಡಿದ್ದು ನಿಜ. ಆದರೆ ಅವರ ಕೈಯಲ್ಲಿದ್ದದ್ದು ನೂರಾರು ಫೈಟರ್. ಒಂದು ಗುಂಪು ಬೇಟೆಗೆ ಹೋದರೂ ಇನ್ನೊಂದು ಗುಂಪು ಬಾಂಬರ್ ಸಾಲಿನ ಬಳಿ ಇರುತ್ತಿತ್ತು. ಹಂತಹಂತಕ್ಕೆ ಬೇರೆ ಬೇರೆ ಗುಂಪು ಬಂದು ಸೇರಿಕೊಳ್ಳುತ್ತಿತ್ತು. ನಮ್ಮದು ನಾಲ್ಕು ವಿಮಾನ. ನಾಲ್ಕರಲ್ಲಿ ನಾಲ್ಕೂ ಬೇಟೆಗೆ ಹೊರಟರೆ ಉಳಿಯುವುದು ಸೊನ್ನೆ.

ಅಂಕದ ಪ್ರಶ್ನೆಗೆ ನನಗೆ ಅಮೆರಿಕ ಮತ್ತು ಜಪಾನ್ ನೌಕಾಪಡೆಗಳ ಮಿಡ್‌ವೇ ಕದನಕ್ಕಿಂತ ಒಳ್ಳೆಯ ಪಾಠ ಕಾಣುವುದಿಲ್ಲ. 1942ರ ಜೂನ್ 4ರ ಬೆಳಿಗ್ಗೆ ಅಮೆರಿಕದ ಯಾರ್ಕ್‌ಟೌನ್ ವಿಮಾನವಾಹಕ ನೌಕೆಯಿಂದ 12 ಡೆವಾಸ್ಟೇಟರ್ ಟಾರ್ಪೆಡೊ ವಿಮಾನಗಳು ಹೊರಟವು. ಬೆಂಗಾವಲಿಗೆ ಜಾನ್ ಥ್ಯಾಚ್ ಮತ್ತು ಅವರ ಜೊತೆ ಐದು ವೈಲ್ಡ್‌ಕ್ಯಾಟ್ ಫೈಟರ್, ಒಟ್ಟು ಆರೇ ಆರು. ಎದುರಿಗೆ ಜಪಾನಿನ ಝೀರೋ ಫೈಟರ್‌ಗಳ ಹಿಂಡು. ಝೀರೋ ವೈಲ್ಡ್‌ಕ್ಯಾಟ್‌ಗಿಂತ ಬೇಗ ಏರುತ್ತದೆ, ಬಿಗಿಯಾಗಿ ತಿರುಗುತ್ತದೆ. ಒಬ್ಬನಿಗೊಬ್ಬ ಎಂದು ನಿಂತರೆ ಸೋಲು ಖಚಿತ ಎಂಬುದು ಥ್ಯಾಚ್‌ಗೆ ಮೊದಲೇ ಗೊತ್ತಿತ್ತು. ಅದಕ್ಕೇ 1941ರಲ್ಲಿ ಮನೆಯ ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ಒಂದು ಉಪಾಯ ಕಂಡುಕೊಂಡಿದ್ದರು.

ಉಪಾಯ ಹೀಗಿದೆ. ಎರಡು ವಿಮಾನ ಅಕ್ಕಪಕ್ಕ, ನಡುವೆ ಒಂದು ತಿರುವಿನಷ್ಟು ಅಂತರ ಬಿಟ್ಟು ಹಾರುತ್ತವೆ. ಎಡಗಡೆಯವನು ಬಲಗಡೆಯವನ ಬಾಲ ಕಾಯುತ್ತಾನೆ, ಬಲಗಡೆಯವನು ಎಡಗಡೆಯವನದು. ಒಬ್ಬನ ಬೆನ್ನಿಗೆ ಝೀರೋ ಬಿತ್ತು ಎಂದಾಗ ಇಬ್ಬರೂ ಒಬ್ಬರ ಕಡೆಗೊಬ್ಬರು ತಿರುಗುತ್ತಾರೆ. ಅಟ್ಟಿಸಿಕೊಂಡು ಬರುವ ಝೀರೋ ತನ್ನ ಬೇಟೆಯನ್ನು ಬಿಡದೆ ತಿರುಗಿದರೆ ಇನ್ನೊಬ್ಬನ ಬಂದೂಕಿನ ಬಾಯಿಗೆ ನೇರವಾಗಿ ಬರುತ್ತದೆ. ಬಿಟ್ಟುಹೋದರೆ ಬಾಲ ಖಾಲಿ. ಎರಡರಲ್ಲಿ ಯಾವುದಾದರೂ ಸರಿ. ಇಬ್ಬರೂ ಅಡ್ಡ ಹಾದು, ಮತ್ತೆ ದೂರವಾಗಿ, ಮತ್ತೆ ತಿರುಗುತ್ತಾರೆ. ವೇಗದ ವಿಮಾನವೇ ಬೇಕಿಲ್ಲ, ಜೊತೆಗಾರನ ಮೇಲೆ ನಂಬಿಕೆ ಇದ್ದರೆ ಸಾಕು. ನಮ್ಮ ಅಭ್ಯಾಸ ಸರ್ವರ್‌ನಲ್ಲಿ ಇದನ್ನು ಮಾಡಿ ನೋಡಿದವರಿಗೆ ಗೊತ್ತು, ಮೊದಲ ಎರಡು ತಿರುವು ಸುಲಭ. ಮೂರನೆಯದರಲ್ಲಿ ಒಬ್ಬ ಬೇಗ ತಿರುಗಿ ಅಂತರ ಕೆಡಿಸುತ್ತಾನೆ.

ಈಗ ಲೆಕ್ಕ ನೋಡಿ. 12 ಡೆವಾಸ್ಟೇಟರ್‌ಗಳಲ್ಲಿ 10 ಉರುಳಿದವು. ಒಂದು ಟಾರ್ಪೆಡೊವೂ ತಾಗಲಿಲ್ಲ. ಅದಕ್ಕೂ ಮೊದಲು ಹಾರ್ನೆಟ್ ನೌಕೆಯ 15 ಟಾರ್ಪೆಡೊ ವಿಮಾನಗಳಲ್ಲಿ ಹದಿನೈದೂ ಹೋಗಿದ್ದವು. ನಮ್ಮ ಅಂಕಪಟ್ಟಿಗೆ ಕೊಟ್ಟರೆ ಜಪಾನಿಗೆ ಭರ್ಜರಿ ಗೆಲುವು. ಆದರೆ ಝೀರೋಗಳೆಲ್ಲ ಥ್ಯಾಚ್ ಮತ್ತು ಟಾರ್ಪೆಡೊ ವಿಮಾನಗಳ ಮೇಲೆ ಮುಗಿಬಿದ್ದಿದ್ದ ಹೊತ್ತಿಗೆ ಡೈವ್ ಬಾಂಬರ್‌ಗಳು ಮೇಲಿನಿಂದ ಎರಗಿದವು. ಅಕಾಗಿ, ಕಾಗಾ, ಸೋರ್ಯು ಮೂರೂ ವಿಮಾನವಾಹಕ ನೌಕೆಗಳು ನಿಮಿಷಗಳಲ್ಲಿ ಹೊತ್ತಿ ಉರಿದವು. ಆ ಯುದ್ಧದ ದಿಕ್ಕೇ ಬದಲಾಯಿತು.

ಬಾಲಗನ್ನರ್:
ಮುಗಿಲಂಚು ಅಕ್ಕ, ಇದೇ ನನ್ನ ಮಾತು. ಯಾರು ಎಷ್ಟು ಉರುಳಿಸಿದರು ಎಂಬುದು ಪಂದ್ಯದ ಒಂದು ತುಣುಕು ಮಾತ್ರ.

ಹೊಸರೆಕ್ಕೆ:
ನಾನು ಈಚೆಗೆ ಸೇರಿದವನು. ತಪ್ಪು ತಿಳಿಯಬೇಡಿ, ಒಂದು ಪ್ರಶ್ನೆ. ಇಷ್ಟೆಲ್ಲ ಗೊಂದಲ ಏಕೆ? ಒಬ್ಬರಿಗೊಬ್ಬರು ಎದುರಾಗುವ ಪಂದ್ಯ ಇಟ್ಟರೆ ಯಾರು ಉತ್ತಮ ಎಂಬುದು ನೇರವಾಗಿ ಗೊತ್ತಾಗುತ್ತದೆ. 2020ರ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ಸ್ಪರ್ಧೆಯೂ ಹಾಗೆಯೇ ಇತ್ತು. ಹೆರಾನ್ ಸಿಸ್ಟಮ್ಸ್‌ನ ಕೃತಕ ಬುದ್ಧಿಮತ್ತೆ ಸಿಮ್ಯುಲೇಟರ್‌ನಲ್ಲಿ ಎಫ್-16 ಪೈಲಟ್ ಒಬ್ಬರನ್ನು 5-0ರಿಂದ ಸೋಲಿಸಿತು. ಫಲಿತಾಂಶದಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ನೀಲಿಗಿಡುಗ:
ಪ್ರಶ್ನೆ ಒಳ್ಳೆಯದೇ. ಆ ಸ್ಪರ್ಧೆಯಲ್ಲಿ ಬಂದೂಕು ಮಾತ್ರ ಇತ್ತು, ಎದುರಾಳಿ ಎಲ್ಲಿದ್ದಾನೆ ಎಂಬುದು ಯಂತ್ರಕ್ಕೆ ಪೂರ್ತಿ ಗೊತ್ತಿತ್ತು. ನಮ್ಮ ಮಿಷನ್‌ಗಳಲ್ಲಿ ಅರ್ಧ ಕಷ್ಟ ಇರುವುದೇ ಎದುರಾಳಿಯನ್ನು ಕಾಣುವುದರಲ್ಲಿ. ಒಂಟಿ ಪಂದ್ಯ ಬೇಕಾದರೆ ಭಾನುವಾರ ಸಂಜೆ ಅಭ್ಯಾಸ ಸರ್ವರ್‌ಗೆ ಬಾ ತಮ್ಮ, ಹೇಳಿಕೊಡುತ್ತೇನೆ. ಆದರೆ ಈ ಪಂದ್ಯದ ರುಚಿ ಬೇರೆ.

ರಾಡಾರ್‌ನೆರಳು:
ನಾನು ಹೆಚ್ಚಾಗಿ ಡಿಸಿಎಸ್ ಎಂಬ ಇನ್ನೊಂದು ಹಾರಾಟದ ಆಟದಲ್ಲಿ ಹಾರುವವನು. ಜೆಟ್ ಕಾಲದ ಮಿಷನ್‌ಗಳಲ್ಲಿ ಈ ಸಮಸ್ಯೆ ಇನ್ನೂ ಕಠಿಣ, ಕೇಳಿ.

ನಾಲ್ಕು ವಿಮಾನ ಸೇತುವೆಗೆ ಬಾಂಬ್ ಹಾಕಲು ಹೊರಟಿವೆ. ದಾರಿಯಲ್ಲಿ ಒಂದು ಎಸ್‌ಎ-6 ವಿಮಾನ ವಿರೋಧಿ ಕ್ಷಿಪಣಿ ಘಟಕ. ನನ್ನ ಎಫ್-16ರಲ್ಲಿ ಎರಡು ಹಾರ್ಮ್ ಕ್ಷಿಪಣಿ. ಹಾರ್ಮ್ ರಾಡಾರ್‌ನ ಅಲೆಗಳನ್ನು ಹಿಡಿದುಕೊಂಡು ಹೋಗಿ ಆ ರಾಡಾರ್‌ಗೇ ಬಡಿಯುತ್ತದೆ. ನಾನು ಒಂದು ಬಿಟ್ಟೆ ಎನ್ನಿ. ಎದುರಿನ ತಂಡದಲ್ಲಿ ರಾಡಾರ್ ನಡೆಸುತ್ತಿರುವ ಆಟಗಾರ ಜಾಣ, ಕೂಡಲೇ ಆರಿಸುತ್ತಾನೆ. ಕ್ಷಿಪಣಿ ಗುರಿ ತಪ್ಪಿ ಹೊಲಕ್ಕೆ ಬೀಳುತ್ತದೆ. ಅವನು ಮತ್ತೆ ಹಚ್ಚುವ ಹೊತ್ತಿಗೆ ಎರಡನೆಯದು ಬಿಡುತ್ತೇನೆ, ಮತ್ತೆ ಆರಿಸುತ್ತಾನೆ. ಅಷ್ಟರಲ್ಲಿ ನಮ್ಮ ನಾಲ್ವರೂ ದಾಟಿ ಹೋಗಿ ಸೇತುವೆ ಕೆಡವಿರುತ್ತಾರೆ. ನನ್ನ ಲೆಕ್ಕ: ಎರಡು ಕ್ಷಿಪಣಿ ಖರ್ಚು, ಹೊಡೆದದ್ದು ಶೂನ್ಯ. ನಾನು ಇಲ್ಲದಿದ್ದರೆ ಸೇತುವೆ ಹಾಗೆಯೇ ನಿಂತಿರುತ್ತಿತ್ತು.

ಇದು ಆಟದ ಕಲ್ಪನೆಯಲ್ಲ. 1999ರ ಕೊಸೊವೊ ಯುದ್ಧದಲ್ಲಿ ಸರ್ಬಿಯಾದ ಕ್ಷಿಪಣಿ ಘಟಕಗಳು ಬಹುಪಾಲು ಹೊತ್ತು ರಾಡಾರ್ ಆರಿಸಿಟ್ಟುಕೊಂಡೇ ಉಳಿದುಕೊಂಡವು. ಆರಿಸಿಟ್ಟ ಹೊತ್ತಿನಲ್ಲಿ ನೇಟೊ ವಿಮಾನಗಳಿಗೆ ದಾರಿ ಸುಗಮವಾಯಿತು. ಆದರೆ ಹಚ್ಚಿದ ಸ್ವಲ್ಪ ಹೊತ್ತೇ ಸಾಕಾಗಿ, ಮಾರ್ಚ್ 27ರ ರಾತ್ರಿ ಅಮೆರಿಕದ ಒಂದು ಎಫ್-117 ಸ್ಟೆಲ್ತ್ ವಿಮಾನ ಉರುಳಿತು. ಎರಡು ಕಡೆಯವರೂ ತಮ್ಮ ತಮ್ಮ ಕೆಲಸ ಮಾಡಿದರು. ಇದನ್ನು ತಲೆಗೊಂದು ಅಂಕದ ಪಟ್ಟಿಯಲ್ಲಿ ಹೇಗೆ ತುಂಬುತ್ತೀರಿ? ಆಗುವುದಿಲ್ಲ. ಆದ್ದರಿಂದ ಅಂಕ ತಂಡಕ್ಕೆ ಮಾತ್ರ ಇರಲಿ, ವ್ಯಕ್ತಿಗೆ ಬೇಡ.

ಎರಡನೆಯವನು:
ರಾಡಾರ್‌ನೆರಳು ಅವರ ಕೊನೆಯ ಸಾಲಿಗೆ ನನ್ನ ಪೂರ್ಣ ಒಪ್ಪಿಗೆ.

ಬಾಲಗನ್ನರ್:
ಎಲ್ಲರ ಮಾತು ಕೇಳಿ ಒಂದು ಕರಡು ಮಾಡಿದ್ದೇನೆ. ಕಬಡ್ಡಿಯಲ್ಲಿ ಎದುರಾಳಿಯನ್ನು ಮುಟ್ಟಿದ ರೈಡರ್ ಗೆರೆಗೆ ಮರಳಿದರೆ ಮಾತ್ರ ಆ ಮುಟ್ಟಿಗೆ ಅಂಕ. ಸಿಕ್ಕಿಬಿದ್ದರೆ ಅಂಕ ಎದುರಾಳಿಗೆ. ಅದೇ ನ್ಯಾಯವನ್ನು ಇಲ್ಲಿಗೂ ತಂದಿದ್ದೇನೆ.

ಗುರಿಗೆ ಒಟ್ಟು 60 ಅಂಕ. ಎಷ್ಟು ಭಾಗ ನಾಶವಾಯಿತೋ ಅಷ್ಟು ದಾಳಿ ಮಾಡಿದವರಿಗೆ, ಉಳಿದ ಭಾಗ ಕಾಯ್ದವರಿಗೆ. ಬಾಂಬ್ ಹಾಕಿ ಮರಳಿ ತನ್ನ ಏರ್‌ಫೀಲ್ಡ್‌ನಲ್ಲಿ ಇಳಿದ ಪ್ರತಿ ಬಾಂಬರ್‌ಗೆ 10. ಉರುಳಿಸಿದ ಪ್ರತಿ ವಿಮಾನಕ್ಕೆ 5. ತನ್ನ ಪೈಲಟ್ ಸತ್ತರೆ ಅಥವಾ ಶತ್ರು ನೆಲದಲ್ಲಿ ಸೆರೆಯಾದರೆ 10 ಕಳೆ. ತನ್ನ ನೆಲದ ಮೇಲೆ ಪ್ಯಾರಾಚೂಟ್‌ನಲ್ಲಿ ಇಳಿದರೆ 5 ಕಳೆ. ಎರಡು ಸುತ್ತು, ಎರಡನೆಯದರಲ್ಲಿ ಬಣ್ಣ ಅದಲುಬದಲು.

ಕಳೆದ ಪಂದ್ಯವನ್ನು ಇದಕ್ಕೆ ಹಚ್ಚಿ ನೋಡಿದೆ. ಬಿದ್ದವರೆಲ್ಲ ಸತ್ತರೆಂದೇ ಇಟ್ಟುಕೊಳ್ಳೋಣ. ನಮಗೆ ಐದು ವಿಮಾನಕ್ಕೆ 25, ನಾಲ್ಕು ಬಾಂಬರ್‌ಗೆ 40 ಕಳೆದರೆ ಸೊನ್ನೆಗಿಂತ 15 ಕೆಳಗೆ. ನೀಲಿಯವರಿಗೆ ಗುರಿ ಕಾಯ್ದದ್ದಕ್ಕೆ 60, ನಾಲ್ಕು ಬಾಂಬರ್‌ಗೆ 20, ಕಳೆದುಕೊಂಡ ಐವರಿಗೆ 50 ಕಳೆದರೆ ಉಳಿದದ್ದು 30. ನಡೆದದ್ದನ್ನು ನೋಡಿದವರಿಗೆ ಇದು ಸರಿ ಎನ್ನಿಸುತ್ತದೆ.

ನೀಲಿಗಿಡುಗ:
ಲೆಕ್ಕ ಚೊಕ್ಕವಾಗಿದೆ, ನನ್ನ ಹಟವನ್ನು ಸ್ವಲ್ಪ ಸಡಿಲಿಸಿದ್ದೇನೆ. ಆದರೆ ನಿಯಮ ಬಂದ ಕೂಡಲೇ ಅದರಲ್ಲಿ ಕಂಡಿ ಹುಡುಕುವವರು ಬರುತ್ತಾರೆ. ಈಗಲೇ ಮುಚ್ಚಿಬಿಡಿ.

ಮೊದಲನೆಯದು, ಬಾಲಕ್ಕೆ ಗುಂಡು ಬೀಳುತ್ತಿದ್ದಂತೆ ಸಂಪರ್ಕ ಕಡಿದುಕೊಂಡು ಹೋಗುವವರು. ನಿಜವಾಗಿ ಇಂಟರ್ನೆಟ್ ಹೋಯಿತೋ ಬೇಕೆಂದೇ ಹೋದರೋ ಎಂದು ತನಿಖೆ ಮಾಡುತ್ತ ಕೂರಲಾಗುವುದಿಲ್ಲ. ಶತ್ರು ವಿಮಾನ ಸಮೀಪದಲ್ಲಿದ್ದಾಗ ಸಂಪರ್ಕ ಹೋದರೆ ವಿಮಾನ ಕಳೆದುಕೊಂಡಂತೆ ಎಂದು ಬರೆಯಿರಿ. ಎರಡನೆಯದು, ಏರ್‌ಫೀಲ್ಡ್ ಮೇಲೆ ಸುತ್ತುತ್ತ ಏರುವವರನ್ನು, ಇಳಿಯುವವರನ್ನು ಹೊಡೆಯುವುದು. ಮರಳುವ ಬಾಂಬರ್‌ಗೆ ಅಂಕ ಇಟ್ಟಿದ್ದೀರಿ ಎಂದ ಮೇಲೆ ಅದರ ರನ್‌ವೇ ಪಕ್ಕದಲ್ಲೇ ಹೊಂಚು ಹಾಕುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಇದನ್ನು ನಿಯಮದಿಂದ ತಡೆಯುವುದಕ್ಕಿಂತ ವಿಮಾನ ವಿರೋಧಿ ಫಿರಂಗಿಗಳನ್ನು ಚೆನ್ನಾಗಿ ಇಟ್ಟು ತಡೆಯುವುದು ಮೇಲು. ಯುದ್ಧದಲ್ಲಿ ಇದ್ದದ್ದೂ ಹಾಗೆಯೇ. ಮೂರನೆಯದು ಮುಖ್ಯ: ಬೇಕೆಂದೇ ಡಿಕ್ಕಿ ಹೊಡೆದು ಬಾಂಬರ್ ಬೀಳಿಸುವುದು. ಡಿಕ್ಕಿಗೆ ಅಂಕವೇ ಇಲ್ಲ ಎನ್ನಿ, ಜೊತೆಗೆ ಪೈಲಟ್ ನಷ್ಟದ 10 ಕಳೆಯಿರಿ.

ಇನ್ನು ಬೆಂಗಾವಲಿನ ಬಗ್ಗೆ. ಇದೇ ಕುಬಾನ್ ಮೇಲೆ 1943ರಲ್ಲಿ ಪಿ-39 ಹಾರಿಸಿದ ಅಲೆಕ್ಸಾಂಡರ್ ಪೋಕ್ರಿಶ್ಕಿನ್ ಜೋಡಿಗಳನ್ನು ಮೆಟ್ಟಿಲುಗಳ ಹಾಗೆ ಒಂದರ ಮೇಲೊಂದು ಎತ್ತರದಲ್ಲಿ ಇರಿಸುತ್ತಿದ್ದರು. ಎತ್ತರ, ವೇಗ, ಚಲನೆ, ಗುಂಡು, ಇದೇ ಕ್ರಮದಲ್ಲಿ ಎಂಬುದು ಅವರ ಸೂತ್ರ. ನಮ್ಮ ನಾಲ್ವರಿಗೂ ಇದು ಹೊಂದುತ್ತದೆ. ಒಂದು ಜೋಡಿ ಬಾಂಬರ್‌ಗಳ ಹಿಂದೆ ಸ್ವಲ್ಪ ಮೇಲೆ, ವೇಗ ಬಿಡದೆ ಎಡಬಲ ಓಲಾಡುತ್ತ. ಇನ್ನೊಂದು ಜೋಡಿ ಸಾವಿರ ಮೀಟರ್ ಮೇಲೆ, ಸೂರ್ಯನ ಕಡೆಗೆ. ಕೆಳಗಿನ ಜೋಡಿ ಯಾವ ಕಾರಣಕ್ಕೂ ಬಾಂಬರ್ ಬಿಟ್ಟು ಹೋಗುವುದಿಲ್ಲ. ಮೇಲಿನ ಜೋಡಿ ಎರಗುತ್ತದೆ, ಒಮ್ಮೆ ಹೊಡೆಯುತ್ತದೆ, ಬಿದ್ದರೂ ಬೀಳದಿದ್ದರೂ ಮತ್ತೆ ಮೇಲಕ್ಕೆ. ಪಿ-39ರ 37 ಮಿ.ಮೀ. ಫಿರಂಗಿಯಲ್ಲಿ ಇರುವುದು 30 ಗುಂಡು. ಬೆನ್ನು ಹತ್ತಿ ಓಡಾಡುತ್ತ ಅದನ್ನು ಮುಗಿಸಿಕೊಂಡರೆ ಮರಳುವ ದಾರಿಯಲ್ಲಿ ಏನು ಮಾಡುತ್ತೀರಿ?

ಮುಗಿಲಂಚು:
ನೀಲಿಗಿಡುಗ ಅವರೇ, ಈ ಕೊನೆಯ ಭಾಗವನ್ನು ದಯವಿಟ್ಟು ಪಂದ್ಯದ ಮೊದಲು ಎಲ್ಲರಿಗೂ ಮತ್ತೆ ಹೇಳಿ. ಅಂಟಿಕೊಂಡೂ ಇಲ್ಲ, ಬಿಟ್ಟುಹೋಗಿಯೂ ಇಲ್ಲ. ನಾಲ್ಕು ವಿಮಾನಕ್ಕೆ ಇದಕ್ಕಿಂತ ಒಳ್ಳೆಯ ಹಂಚಿಕೆ ನನಗೆ ತೋಚುವುದಿಲ್ಲ.

ಎರಡನೆಯವನು:
ರೇಡಿಯೊ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಾವೆಲ್ಲ ಎಸ್‌ಆರ್‌ಎಸ್ ಎಂಬ ರೇಡಿಯೊ ತಂತ್ರಾಂಶ ಬಳಸುತ್ತೇವೆ, ಆದರೂ ಕಳೆದ ಪಂದ್ಯದಲ್ಲಿ ಕೇಳಿಬಂದದ್ದು ‘ಹಿಂದೆ ನೋಡು, ಹಿಂದೆ ನೋಡು’ ಎಂಬ ಕೂಗು. ಯಾರ ಹಿಂದೆ? ಎಂಟೂ ಜನ ಹಿಂದೆ ನೋಡಿದೆವು. ಮೊದಲು ಯಾರಿಗೆ ಹೇಳುತ್ತಿದ್ದೀರೋ ಅವರ ಕರೆಸಂಖ್ಯೆ, ಆಮೇಲೆ ಏನು ಮಾಡಬೇಕು, ಆಮೇಲೆ ಏಕೆ. ‘ಮೂರು, ಎಡಕ್ಕೆ ತಿರುಗು, 109 ಏಳು ಗಂಟೆ ದಿಕ್ಕಿನಲ್ಲಿ, ಮೇಲೆ.’ ಅಷ್ಟು ಹೇಳಿ ಗುಂಡಿ ಬಿಟ್ಟುಬಿಡಿ. ಉರುಳಿಸಿದ ಸಂಭ್ರಮವನ್ನು ಇಳಿದ ಮೇಲೆ ಹಂಚಿಕೊಳ್ಳೋಣ. ಆ ಹತ್ತು ಸೆಕೆಂಡಿನಲ್ಲಿ ಇನ್ನೊಬ್ಬನ ಎಚ್ಚರಿಕೆ ಮುಚ್ಚಿಹೋಗುತ್ತದೆ.

ರೈನ್‌ತೀರ:
ಜರ್ಮನಿಯಿಂದ ಬರೆಯುತ್ತಿದ್ದೇನೆ. ಅಂಕದ ಚರ್ಚೆಯಲ್ಲಿ ಸಮಯ ಮರೆಯಬೇಡಿ. ಇಲ್ಲಿನ ಸ್ಕ್ವಾಡ್ರನ್‌ಗಳ ಮಿಷನ್ ರಾತ್ರಿ 8ಕ್ಕೆ ಶುರುವಾದರೆ ಬೆಂಗಳೂರಿನಲ್ಲಿ ಬೇಸಿಗೆಯ ವೇಳಾಪಟ್ಟಿಯಲ್ಲಿ 11:30, ಚಳಿಗಾಲದಲ್ಲಿ 12:30. ಎರಡು ಸುತ್ತು ಮುಗಿಯುವಷ್ಟರಲ್ಲಿ ಭಾರತದವರ ಕಣ್ಣು ಎಳೆಯುತ್ತಿರುತ್ತದೆ. ನಿದ್ದೆಗಣ್ಣಿನ ಬೆಂಗಾವಲಿನಿಂದ ಯಾವ ಬಾಂಬರೂ ಉಳಿಯುವುದಿಲ್ಲ. ಭಾರತದ ಸಮಯ ಶನಿವಾರ ರಾತ್ರಿ 8:30ಕ್ಕೆ ಇಡಿ. ಈಗಿನ ಬೇಸಿಗೆ ಸಮಯದಲ್ಲಿ ನಮಗದು ಸಂಜೆ 5, ನ್ಯೂಜೆರ್ಸಿಯವರಿಗೆ ಬೆಳಿಗ್ಗೆ 11, ಕ್ಯಾಲಿಫೋರ್ನಿಯಾದವರಿಗೆ ಬೆಳಿಗ್ಗೆ 8. ಎಲ್ಲರೂ ಎಚ್ಚರವಾಗಿರುವ ಹೊತ್ತು ಅದೊಂದೇ.

ಪಿಂಗ್ (ಸಂಪರ್ಕದ ವಿಳಂಬ) ವಿಚಾರದಲ್ಲೂ ಒಂದು ಕೋರಿಕೆ. ಸರ್ವರ್ ಯುರೋಪಿನಲ್ಲಿದ್ದರೆ ಭಾರತದವರ ವಿಮಾನ ನಮ್ಮ ಪರದೆಯ ಮೇಲೆ ಕೆಲವೊಮ್ಮೆ ಜಿಗಿದಂತೆ ಕಾಣುತ್ತದೆ. ಸರ್ವರ್ ಮುಂಬೈಯಲ್ಲಿದ್ದರೆ ನಾವು ಅವರಿಗೆ ಹಾಗೆ ಕಾಣುತ್ತೇವೆ. ಒಂದು ಸುತ್ತು ಅಲ್ಲಿ, ಒಂದು ಸುತ್ತು ಇಲ್ಲಿ ಮಾಡಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ಹೊಸರೆಕ್ಕೆ:
ಇದನ್ನೆಲ್ಲ ಓದಿದ ಮೇಲೆ ನನಗೆ ಬಾಂಬರ್ ಹಾರಿಸುವ ಆಸೆಯಾಗಿದೆ. ಎ-20ಬಿ ಕಲಿಯಲು ಎಷ್ಟು ಕಷ್ಟ?

ಬಾಲಗನ್ನರ್:
ಏರುವುದು, ಇಳಿಯುವುದು ಸುಲಭ. ಮುಂದಿನ ಗಾಲಿ ಇರುವುದರಿಂದ ರನ್‌ವೇ ಮೇಲೆ ಓಡಾಡುವುದೂ ನೆಮ್ಮದಿ. ಕಷ್ಟವಿರುವುದು ಗುಂಡು ಬರುತ್ತಿದ್ದರೂ ಸಾಲು ಬಿಡದೆ ನೇರವಾಗಿ ಹಾರುವುದರಲ್ಲಿ. ನಾಲ್ಕು ಬಾಂಬರ್ ಒತ್ತಾಗಿ ಹಾರಿದರೆ ನಾಲ್ಕರ ಗನ್ನರ್‌ಗಳೂ ಒಂದೇ 109ರ ಮೇಲೆ ಗುಂಡು ಹಾರಿಸಬಹುದು. ಚದುರಿದರೆ ಒಬ್ಬೊಬ್ಬರಾಗಿ ಹೋಗುತ್ತೇವೆ. ಶುಕ್ರವಾರ ರಾತ್ರಿ ಬನ್ನಿ, ನನ್ನ ರೆಕ್ಕೆಯ ಪಕ್ಕ ಹಾರುವುದನ್ನು ಮೊದಲು ಅಭ್ಯಾಸ ಮಾಡೋಣ, ಬಾಂಬ್ ಆಮೇಲೆ.

ನಿರ್ವಾಹಕ:
ಚರ್ಚೆ ಸಾಕಷ್ಟಾಗಿದೆ, ತೀರ್ಮಾನಗಳನ್ನು ಬರೆಯುತ್ತೇನೆ. ಬಾಲಗನ್ನರ್ ಅವರ ಅಂಕಪದ್ಧತಿ ಮುಂದಿನ ಪಂದ್ಯಕ್ಕೆ ಜಾರಿಗೆ ಬರುತ್ತದೆ, ನೀಲಿಗಿಡುಗ ಅವರ ಮೂರು ತಿದ್ದುಪಡಿಗಳ ಸಮೇತ. ಪಂದ್ಯ ಮುಗಿಯುವವರೆಗೆ ವೈಯಕ್ತಿಕ ಅಂಕ ಯಾರಿಗೂ ಕಾಣುವುದಿಲ್ಲ. ಆಸಕ್ತರಿಗಾಗಿ ಆಮೇಲೆ ಬೇರೆ ಪುಟದಲ್ಲಿ ಹಾಕುತ್ತೇವೆ. ಸಮಯ ಶನಿವಾರ ಭಾರತದ ರಾತ್ರಿ 8:30. ಮೊದಲ ಸುತ್ತು ಮುಂಬೈ ಸರ್ವರ್, ಎರಡನೆಯದು ಯುರೋಪಿನದು. ಡಿಸಿಎಸ್ ಪಂದ್ಯಕ್ಕೆ ರಾಡಾರ್‌ನೆರಳು ಅವರು ಬೇರೆ ಕರಡು ಕೊಡಲು ಒಪ್ಪಿದ್ದಾರೆ.

ಕೆಂಪು ತಂಡದಲ್ಲಿ ಇನ್ನೂ ಒಬ್ಬ ಬಾಂಬರ್ ಪೈಲಟ್ ಬೇಕು. ಫೈಟರ್ ಸ್ಥಾನಗಳು ತುಂಬಿವೆ.

ನೀಲಿಗಿಡುಗ:
ಆ ಬಾಂಬರ್ ನನಗಿರಲಿ. ನನ್ನ ಫೈಟರ್ ಸ್ಥಾನವನ್ನು ಎರಡನೆಯವನು ಅವರಿಗೆ ಕೊಡಿ, ಈ ಸಲ ಅವರೇ ಕೆಳಗಿನ ಜೋಡಿಯ ಲೀಡ್ ಆಗಲಿ.